ಸರ್ ಮುತ್ತುಸ್ವಾಮಿ ಅಯ್ಯರವರು

ತಂಜಾವೂರು ಸೀಮೆಯ ಬಡ ಕುಟುಂಬವೊಂದರಲ್ಲಿ 1832ನೆಯ ಇಸವಿಯಲ್ಲಿ ಜನಿಸಿದ ಮುತ್ತುಸ್ವಾಮಿ ಅಯ್ಯರವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಿಂಗಳಿಗೆ 1 ರೂಪಾಯಿ ಸಂಬಳಕ್ಕೆ ಗ್ರಾಮಲೆಕ್ಕಿಗನ ಕೈಕೆಳಗೆ ದುಡಿದರು. ಬಾಲಕನ ಬುದ್ಧಿಯನ್ನು ಕಂಡು ಮೆಚ್ಚಿದ ತಹಶೀಲ್ದಾರರೊಬ್ಬರು ಅವರನ್ನು ಓದಲು ಮದ್ರಾಸಿಗೆ ಕಳುಹಿಸಿದರು. ಅಲ್ಲಿಯ ಹೈಸ್ಕೂಲಿನಲ್ಲಿ ಓದಿ, 1854ರಲ್ಲಿ ಆಂಗ್ಲ ಪ್ರಬಂಧಕ್ಕಾಗಿ 500 ರೂಪಾಯಿಗಳ ಬಹುಮಾನವನ್ನು ಪಡೆದರು.

1856ರಲ್ಲಿ ಮುನ್ಸೀಫರಾದರು, ಕಾನೂನಿನ ಪದವಿ ದೊರೆತದ್ದು ಆ ಬಳಿಕ. ಮದ್ರಾಸಿನಲ್ಲಿ ಮ್ಯಾಜಿಸ್ಟ್ರೇಟರಾಗಿದ್ದಾಗ, ಭಾರತೀಯನೊಬ್ಬನನ್ನು ಹೊಡೆದ ಹೈಕೋರ್ಟಿನ ಆಂಗ್ಲ ನ್ಯಾಯಾಧೀಶರಿಗೇ ಸಮನ್ಸು ಕಳುಹಿಸಿ, 3 ರೂಪಾಯಿ ದಂಡ ವಿಧಿಸಿದ ಸಂಗತಿಯು ಪ್ರಸಿದ್ಧವಾದುದು. 1870ರ ದಶಕದ ಕೊನೆಯಲ್ಲಿ ಅದೇ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಾಧೀಶರಾಗಿ, 1893ರಲ್ಲಿ ಕೆಲಕಾಲ ಮುಖ್ಯ ನ್ಯಾಯಾಧೀಶರ ಸ್ಥಾನದಲ್ಲಿಯೂ ಕುಳಿತು, 1895ರಲ್ಲಿ ನಿಧನರಾದರು.

ಆ ದಂಡದ ಮೊತ್ತವು ಅಲ್ಪ. ಅದರ ಪಾಠವು ಹಿರಿದು. ನ್ಯಾಯಾಧೀಶನು ಎಷ್ಟೇ ಧೀರನಾಗಿರಲಿ, ಪೆಟ್ಟು ತಿಂದವನು ದೂರು ಕೊಡಲು ಅರಿಯದಿದ್ದರೆ ಸಮನ್ಸು ಹೊರಡುವುದೆಂತು? ಎಲ್ಲ ಮಕ್ಕಳೂ ವಕೀಲರಾಗಬೇಕಾಗಿಲ್ಲ. ಆದರೆ ದೂರು, ಸಾಕ್ಷ್ಯ, ವಿಚಾರಣೆ, ತೀರ್ಪು ಎಂಬಿವುಗಳ ಅರ್ಥವನ್ನು ತಿಳಿಯದೆ ಯಾವ ವಿದ್ಯಾರ್ಥಿಯೂ ಹೈಸ್ಕೂಲಿನ ಹೊಸ್ತಿಲನ್ನು ದಾಟಿ ಹೊರಬರಬಾರದು.