ಶಂಕರ್ ನಾಗ್ ಬದುಕು ಮತ್ತು ಕಾರಿನ ಮುಂದಿನ ಸೀಟು: ಅಮ್ಮನ ತೊಡೆ ಮಗುವಿಗೆ ನಿಜಕ್ಕೂ ಸೇಫಾ?

ಪ್ರತಿ ವರ್ಷ ಸೆಪ್ಟೆಂಬರ್ 30 ಬಂತೆಂದರೆ ನಮ್ಮೆಲ್ಲರ ಫೋನಿನಲ್ಲಿ ಶಂಕರ್ ನಾಗ್ ಫೋಟೋಗಳು ಹರಿದಾಡಲು ಶುರುವಾಗುತ್ತವೆ. ಒಂದು ಫೋಟೋ, ಕೈ ಮುಗಿದ ಎಮೋಜಿ, ಅವರು ಬದುಕಿದ್ದಿದ್ದರೆ ಕರ್ನಾಟಕ ಹೇಗಿರುತ್ತಿತ್ತು ಎಂಬ ನಾಲ್ಕು ಸಾಲು. ಅದೇ ಗ್ರೂಪುಗಳಲ್ಲಿ ಆಗಾಗ ಇನ್ನೊಂದು ಬಗೆಯ ಮೆಸೇಜೂ ಬರುತ್ತದೆ. 12 ವರ್ಷದೊಳಗಿನ ಮಕ್ಕಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರೆ ಲೈಸೆನ್ಸ್ ರದ್ದು ಅಂತ ಒಬ್ಬರು ಹಾಕುತ್ತಾರೆ. ಅದೆಲ್ಲ ಸುಳ್ಳು, ಅಮ್ಮನ ತೊಡೆಗಿಂತ ಸೇಫ್ ಜಾಗ ಇನ್ನೊಂದಿಲ್ಲ ಅಂತ ಮತ್ತೊಬ್ಬರು ಉತ್ತರಿಸುತ್ತಾರೆ.

ಈ ಎರಡು ಬಗೆಯ ಮೆಸೇಜುಗಳನ್ನು ನಾವು ಇಲ್ಲಿ ಒಟ್ಟಿಗೆ ಇಟ್ಟು ನೋಡುತ್ತಿದ್ದೇವೆ. ಶಂಕರ್ ನಾಗ್ ತೀರಿಕೊಂಡದ್ದು ರಸ್ತೆ ಅಪಘಾತದಲ್ಲಿ. ಆ ಕಾರಿನಲ್ಲಿ ಅವರ ಪುಟ್ಟ ಮಗಳೂ ಇದ್ದಳು.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು. ಉತ್ತರ ಕನ್ನಡದ ಹೊನ್ನಾವರದ ಕಡೆಯ ಕೊಂಕಣಿ ಮನೆಮಾತಿನ ಕುಟುಂಬ. ಅಣ್ಣ ಅನಂತನಾಗ್ ಆಗಲೇ ಮುಂಬೈ ಸೇರಿದ್ದರು, ತಮ್ಮನೂ ಹಿಂದೆಯೇ ಹೋದರು. ಅಲ್ಲಿನ ಮರಾಠಿ ರಂಗಭೂಮಿಯೇ ಅವರ ಶಾಲೆ. ನಟನೆ, ಬರವಣಿಗೆ, ತೆರೆಮರೆಯ ಕೆಲಸ ಎಲ್ಲವನ್ನೂ ಅಲ್ಲೇ ಕಲಿತರು, ಮುಂದೆ ಮಡದಿಯಾಗುವ ಅರುಂಧತಿಯವರ ಪರಿಚಯವಾದದ್ದೂ ಅಲ್ಲೇ. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲೂ ಅವರ ಕೈ ಇತ್ತು.

ಕನ್ನಡಕ್ಕೆ ಕರೆತಂದವರು ಗಿರೀಶ್ ಕಾರ್ನಾಡ್. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕೂಲಿ ಸೈನಿಕನ ಪಾತ್ರ. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

ಅದೇ 1978ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ, ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಘಟನೆ ನಡೆಯಿತು. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ವರ್ಷಗಟ್ಟಲೆ ಪಟ್ಟು ಹಿಡಿದದ್ದರಿಂದ, ಕಾರಿನಲ್ಲಿ ಚಿಕ್ಕ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ ಮಾಡುವ ಆ ದೇಶದ ಮೊದಲ ಕಾನೂನು ಆ ವರ್ಷದ ಜನವರಿ 1ರಿಂದ ಜಾರಿಗೆ ಬಂತು. ಆದರೆ ಶಾಸಕರು ಅದರಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ದೊಡ್ಡವರು ಮಗುವನ್ನು ಕೈಯಲ್ಲಿ ಎತ್ತಿಕೊಂಡಿದ್ದರೆ ಸೀಟ್ ಬೇಡ ಎಂಬ ವಿನಾಯಿತಿ ಅದು. ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನ ವಾದವೇ ಅಲ್ಲಿ ಕಾನೂನಾಗಿತ್ತು ಎನ್ನಬಹುದು. ಇದು ಮಗುವನ್ನು ಜಜ್ಜುವ ತಿದ್ದುಪಡಿ ಎಂದು ವಿರೋಧಿಗಳು ಅದಕ್ಕೆ ಅಡ್ಡಹೆಸರಿಟ್ಟರು. 1981ರಲ್ಲಿ ವಿನಾಯಿತಿಯನ್ನು ತೆಗೆದುಹಾಕಲಾಯಿತು.

ಜಜ್ಜುವುದು ಎಂಬ ಒರಟು ಮಾತು ಯಾಕೆ ಬಂತು? ಸಣ್ಣ ಲೆಕ್ಕ ಮಾಡೋಣ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿನ ವಾಹನಕ್ಕೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದಿಟ್ಟುಕೊಳ್ಳಿ. ಆ ಕ್ಷಣದಲ್ಲಿ ಕಾರಿನೊಳಗಿನ ಪ್ರತಿಯೊಂದೂ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ತೊಡೆಯ ಮೇಲಿನ 10 ಕೆ.ಜಿ. ಮಗುವನ್ನು ಹಿಡಿದು ನಿಲ್ಲಿಸಲು 140 ಕೆ.ಜಿ. ಎಳೆತವನ್ನು ತಡೆಯುವ ಕೈ ಬೇಕು. ಅಂದರೆ ಹತ್ತಿರ ಹತ್ತಿರ ಮೂರು ಅಕ್ಕಿ ಮೂಟೆ, ಅದೂ ಏನಾಯಿತು ಎಂದು ತಿಳಿಯುವ ಮೊದಲೇ. ಯಾವ ತಾಯಿಯ, ಯಾವ ಪೈಲ್ವಾನನ ಕೈಗೂ ಇದು ಆಗದ ಕೆಲಸ. ಪ್ರೀತಿ ಕಡಿಮೆ ಎಂದಲ್ಲ, ಮೂಳೆ ಮಾಂಸದ ಶಕ್ತಿಯೇ ಅಷ್ಟು. ಎತ್ತಿಕೊಂಡವರೂ ಬೆಲ್ಟ್ ಹಾಕಿರದಿದ್ದರೆ ಅವರ ಇಡೀ ದೇಹ ಮಗುವಿನ ಮೇಲೆ ಬಿದ್ದು, ಮಗು ಡ್ಯಾಶ್‌ಬೋರ್ಡಿಗೂ ಅಮ್ಮನಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು, ದೊಡ್ಡವರ ಭಾರವೆಲ್ಲ ಆ ಪಟ್ಟಿಯ ಮೂಲಕ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ.

ಶಂಕರ್ ಕಥೆಗೆ ಮರಳೋಣ. 1980 ಅವರ ಬದುಕಿನ ದೊಡ್ಡ ವರ್ಷ. ನಿರ್ದೇಶಕರಾಗಿ ಮೊದಲ ಚಿತ್ರ ‘ಮಿಂಚಿನ ಓಟ’ ಬಂತು, ಅದು ಕಾರು ಕದಿಯುವವರ ಕಥೆ. ನಟರಾಗಿ ‘ಆಟೋ ರಾಜ’ ಬಂತು. ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರಗಳು ಎಷ್ಟೋ ಇರಬಹುದು, ಆದರೆ ಒಂದು ಇಡೀ ವೃತ್ತಿಯವರು ಒಬ್ಬ ನಟನನ್ನು ತಮ್ಮವನೆಂದು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ಉದಾಹರಣೆ ನಮಗಂತೂ ಇನ್ನೊಂದು ಗೊತ್ತಿಲ್ಲ. ವಿಲ್ಸನ್ ಗಾರ್ಡನ್, ಲಕ್ಕಸಂದ್ರ, ಶಾಂತಿನಗರದ ಆಟೋಗಳ ಹಿಂಬದಿಯಲ್ಲಿ ಇಂದಿಗೂ ಅವರ ಮುಖ ಇದೆ. ಓಡಿಸುವ ಹುಡುಗ ಆ ಚಿತ್ರ ಬಂದಾಗ ಹುಟ್ಟೇ ಇರಲಿಲ್ಲ, ಆದರೂ ಇದೆ.

ಆಮೇಲಿನ ಹತ್ತು ವರ್ಷ ಓಟವೋ ಓಟ. ‘ಗೀತಾ’, ‘ಜನ್ಮ ಜನ್ಮದ ಅನುಬಂಧ’, ರಾಜ್‌ಕುಮಾರ್ ಅವರಿಗಾಗಿ ‘ಒಂದು ಮುತ್ತಿನ ಕಥೆ’ ನಿರ್ದೇಶಿಸಿದರು. ಅರುಂಧತಿಯವರ ಜೊತೆ ‘ಸಂಕೇತ್’ ನಾಟಕ ತಂಡ ಕಟ್ಟಿದರು, ಬೆಂಗಳೂರಿನಲ್ಲೇ ಹಾಡು ರೆಕಾರ್ಡ್ ಮಾಡಲು ಸ್ಟುಡಿಯೋ ಕಟ್ಟಿದರು. ಆಗುಂಬೆಯ ಬೀದಿಗಳನ್ನೇ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯಾಗಿಸಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡಿದರು. ನಂದಿ ಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ, ಬಡವರಿಗೆ ಕಡಿಮೆ ಖರ್ಚಿನ ಮನೆ ಎಂದೆಲ್ಲ ಕನಸು ಕಾಣುತ್ತಿದ್ದರೆಂದು ಅವರ ಒಡನಾಡಿಗಳು ಹೇಳುತ್ತಾ ಬಂದಿದ್ದಾರೆ. ಫಾರ್ವರ್ಡುಗಳಲ್ಲಿ ಹೆಚ್ಚಾಗಿ ಬರುವುದು ಈ ಪಟ್ಟಿಯೇ.

ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಚಿತ್ರವೊಂದಿದೆ. ಹೆಸರೇ ‘ಆ್ಯಕ್ಸಿಡೆಂಟ್’. ನಶೆಯಲ್ಲಿ ಕಾರು ಓಡಿಸುವ ಪ್ರಭಾವಿಯೊಬ್ಬರ ಮಗ ರಾತ್ರಿ ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸುತ್ತಾನೆ. ಪ್ರಕರಣವನ್ನು ಮುಚ್ಚಿಹಾಕಲು ಒಂದು ಕಡೆ ಹಣ, ಅಧಿಕಾರ. ಇನ್ನೊಂದು ಕಡೆ ಸತ್ಯ ಹುಡುಕುವ ಒಬ್ಬ ಪತ್ರಕರ್ತ, ಆ ಪಾತ್ರದಲ್ಲಿ ಶಂಕರ್ ಅವರೇ ಇದ್ದಾರೆ. ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಹಣೆಬರಹ, ಗ್ರಹಚಾರ ಎಂದು ನಾವು ಕೈತೊಳೆದುಕೊಳ್ಳುವ ರಸ್ತೆ ಸಾವಿನ ಹಿಂದೆ ಮನುಷ್ಯರ ಆಯ್ಕೆಗಳಿರುತ್ತವೆ ಎಂಬುದನ್ನು ನಾಲ್ಕು ದಶಕಗಳ ಹಿಂದೆಯೇ ಆ ಚಿತ್ರ ತೋರಿಸಿತ್ತು. ನಮ್ಮ ಮಟ್ಟಿಗೆ ಶಂಕರ್ ಅವರ ಅತಿ ಮುಖ್ಯ ಕೆಲಸ ಅದೇ.

1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕಾಗಿ ಶಂಕರ್ ಲೋಕಾಪುರದ ಕಡೆ ಹೊರಟಿದ್ದರು. ಜೊತೆಯಲ್ಲಿ ಅರುಂಧತಿ ಮತ್ತು ಮಗಳು. ಬೆಳಗಿನ ಜಾವ ದಾವಣಗೆರೆ ಸಮೀಪದ ಆನಗೋಡು ಬಳಿ ಕಾರು ಲಾರಿಗೆ ಡಿಕ್ಕಿಯಾಯಿತು. ಶಂಕರ್ ಉಳಿಯಲಿಲ್ಲ. ಅರುಂಧತಿ ತೀವ್ರವಾಗಿ ಗಾಯಗೊಂಡರು. ಮಗಳು ಬದುಕುಳಿದಳು. ಅವರಿಗಿನ್ನೂ 35 ವರ್ಷ, ಬಣ್ಣ ಹಚ್ಚಿ ಬರೀ ಹನ್ನೆರಡು ವರ್ಷ.

ಬೆಲ್ಟ್ ಹಾಕಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬರೆಯುವುದು ಸುಲಭ. ನಾವು ಹಾಗೆ ಬರೆಯುವುದಿಲ್ಲ. ಯಾವುದೇ ಒಂದು ಅಪಘಾತವನ್ನು ಮೂವತ್ತೈದು ವರ್ಷದ ನಂತರ ಕುಳಿತು ತೀರ್ಮಾನಿಸುವುದು ಸತ್ತವರಿಗೂ ಉಳಿದವರಿಗೂ ಮಾಡುವ ಅನ್ಯಾಯ. ಆದರೆ ಆ ಕಾಲ ಹೇಗಿತ್ತು ಎಂದು ಹೇಳಬಹುದು. ಇಂದು ನಾವು ಬಳಸುವ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೊಹ್ಲಿನ್ ರೂಪಿಸಿದ್ದು 1959ರಲ್ಲಿ. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಹಿಂದಕ್ಕೆ ಮುಖ ಮಾಡಿ ಕೂರಿಸುವ ಚೈಲ್ಡ್ ಸೀಟಿನ ಮಾದರಿ ಮಾಡಿದ್ದು 1960ರ ದಶಕದಲ್ಲಿ. ಭಾರತದಲ್ಲಿ ಕಾರು ತಯಾರಕರು ಮುಂದಿನ ಸೀಟಿಗೆ ಬೆಲ್ಟ್ ಕೊಡಲೇಬೇಕೆಂಬ ನಿಯಮ ಜಾರಿಯಾದದ್ದು 1994ರಲ್ಲಿ, ಶಂಕರ್ ಹೋದ ನಾಲ್ಕು ವರ್ಷಕ್ಕೆ. ಹಿಂದಿನ ಸೀಟಿಗೆ ಅದು ಬಂದದ್ದು 2002ರಲ್ಲಿ. ಮಕ್ಕಳ ಬಗ್ಗೆ ಮೋಟಾರು ವಾಹನ ಕಾಯ್ದೆಯಲ್ಲೇ ಪ್ರತ್ಯೇಕ ಕಲಂ ಬರಲು 2019ರವರೆಗೆ ಕಾಯಬೇಕಾಯಿತು.

ಆ ಕಲಂ 194ಬಿ. ಅದು ಹೇಳುವುದು ಇಷ್ಟು: 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಅಥವಾ ಚೈಲ್ಡ್ ಸೀಟಿನ ರಕ್ಷಣೆ ಇಲ್ಲದೆ ವಾಹನ ಓಡಿಸಿದರೆ, ಓಡಿಸಲು ಬಿಟ್ಟರೆ 1,000 ರೂಪಾಯಿ ದಂಡ. ಅದರಲ್ಲಿ ಮುಂದಿನ ಸೀಟು, ಹಿಂದಿನ ಸೀಟು ಎಂಬ ಭೇದ ಇಲ್ಲ. ಲೈಸೆನ್ಸ್ ರದ್ದು ಎಂಬ ಮಾತೂ ಇಲ್ಲ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ ಮೂರು ತಿಂಗಳು ಲೈಸೆನ್ಸ್ ಅನರ್ಹಗೊಳಿಸುವ ಕಲಂ ಪಕ್ಕದಲ್ಲೇ ಇದೆ, ಎರಡನ್ನೂ ಬೆರೆಸಿ ಯಾರೋ ಮೆಸೇಜ್ ಮಾಡಿರಬಹುದು. ಹಾಗಾಗಿ ಮಗು ಮುಂದೆ ಕೂತರೆ ಲೈಸೆನ್ಸ್ ಹೋಗುತ್ತದೆ ಎಂಬ ಫಾರ್ವರ್ಡ್ ತಪ್ಪು. ತೊಡೆಯ ಮೇಲೆ ಕೂರಿಸಿಕೊಂಡರೆ ತಪ್ಪೇನೂ ಇಲ್ಲ ಎಂಬುದಂತೂ ಇನ್ನೂ ದೊಡ್ಡ ತಪ್ಪು. ತೊಡೆ ಬೆಲ್ಟೂ ಅಲ್ಲ, ಚೈಲ್ಡ್ ಸೀಟೂ ಅಲ್ಲ. ಮುಂದೆಯಾಗಲಿ ಹಿಂದೆಯಾಗಲಿ, ತೊಡೆಯ ಮೇಲೆ ಕೂತ ಮಗು ಕಾನೂನಿನ ಕಣ್ಣಿನಲ್ಲಿ ಬೆಲ್ಟಿಲ್ಲದ ಮಗುವೇ.

ಕಾನೂನು ಒಪ್ಪುತ್ತದೆ ಅಂದಮಾತ್ರಕ್ಕೆ ಮುಂದಿನ ಸೀಟು ಮಗುವಿನ ಜಾಗವಾಗುವುದಿಲ್ಲ. ಕಾರಣ, ಏರ್‌ಬ್ಯಾಗ್. ಅಪಘಾತವಾದಾಗ ಮೆತ್ತನೆಯ ದಿಂಬಿನಂತೆ ಕಾಪಾಡುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಸ್ಫೋಟದ ರಭಸದಲ್ಲಿ ಉಬ್ಬುತ್ತದೆ. ಬೆಲ್ಟ್ ಹಾಕಿ ಕೂತ ದೊಡ್ಡವರ ಎದೆಯ ಅಳತೆಗೆ ಮಾಡಿದ್ದು ಅದು. ಆ ಎತ್ತರದಲ್ಲಿ ಮಗುವಿಗೆ ಇರುವುದು ತಲೆ ಮತ್ತು ಕುತ್ತಿಗೆ. 2024ರ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಬಾಲಕ ಏರ್‌ಬ್ಯಾಗ್ ತೆರೆದುಕೊಂಡ ಹೊಡೆತಕ್ಕೆ ಪ್ರಾಣ ಬಿಟ್ಟ. ಶಂಕರ್ ಕಾಲದ ಕಾರುಗಳಲ್ಲಿ ಈ ಅಪಾಯವೇ ಇರಲಿಲ್ಲ. 2021ರಿಂದ ಹೊಸ ಕಾರುಗಳಿಗೆ ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ನಾವು ಚಿಕ್ಕವರಿದ್ದಾಗ ಮುಂದೆಯೇ ಕೂರುತ್ತಿದ್ದೆವು, ನಮಗೇನಾಯಿತು ಎನ್ನುವ ಮಾವಂದಿರಿಗೆ ಇದನ್ನು ತಾಳ್ಮೆಯಿಂದ ಹೇಳಬೇಕು.

ಹಾಗಾದರೆ ಏನು ಮಾಡುವುದು? 13 ವರ್ಷದೊಳಗಿನ ಮಕ್ಕಳು ಹಿಂದೆಯೇ ಕೂರಲಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಕೂಸಿಗೆ ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಚೈಲ್ಡ್ ಸೀಟ್. ಆ ಸೀಟಿನ ತೂಕ, ಎತ್ತರದ ಮಿತಿ ಮುಗಿಯುವವರೆಗೂ ಹಾಗೆಯೇ ಇರಲಿ, ಅವಸರದಲ್ಲಿ ಮುಂದಕ್ಕೆ ತಿರುಗಿಸುವುದು ಬೇಡ. ಆಮೇಲೆ ಮುಂದಕ್ಕೆ ಮುಖ ಮಾಡಿದ, ಪಟ್ಟಿಗಳಿರುವ ಸೀಟು. ಅದೂ ಚಿಕ್ಕದಾದ ಮೇಲೆ ಬೂಸ್ಟರ್. ಬೂಸ್ಟರಿನ ಕೆಲಸ ಮಗುವನ್ನು ಎತ್ತರಿಸಿ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುವುದು. ಪಟ್ಟಿ ಕುತ್ತಿಗೆಗೆ ತಾಗದೆ ಭುಜದ ನಡುವೆ, ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ ಹಾದುಹೋಗಬೇಕು.

ಪಿಕಪ್‌ನಂಥ ವಾಹನದಲ್ಲಿ ಮುಂದಿನ ಸೀಟು ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಸೀಟನ್ನು ಆದಷ್ಟೂ ಹಿಂದಕ್ಕೆ ಸರಿಸಿ, ಮಗುವಿಗೆ ಅದರ ಅಳತೆಯ ಸೀಟು ಮತ್ತು ಬೆಲ್ಟ್ ಹಾಕಿ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಮಾತ್ರ ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಎಂದೂ ಇಡಬಾರದು. ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ ಕೆಲವು ಕಾರುಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. ಸೂರ್ಯನ ಬಿಸಿಲಿಗೆ ಇಳಿಸುವ ಮುಂದಿನ ಹಲಗೆಯ ಮೇಲೆ ಮಗುವಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಸ್ಟಿಕರ್ ಇರುತ್ತದೆ. ಹೊಸ ಕಾರಿನ ಪೂಜೆಗೆ ಕುಂಕುಮ ಹಚ್ಚುವಾಗ ಅದನ್ನೂ ಒಮ್ಮೆ ಓದಿಕೊಳ್ಳಿ.

ಕ್ಯಾಬ್‌ಗಳದ್ದು ಬೇರೆಯೇ ರಗಳೆ. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಎಷ್ಟೋ ಸಲ ಸೀಟ್ ಕವರಿನ ಕೆಳಗೆ ಸೇರಿಹೋಗಿರುತ್ತದೆ. ಹತ್ತುವಾಗಲೇ ಅಣ್ಣಾ, ಬೆಲ್ಟ್ ಸ್ವಲ್ಪ ತೆಗೆದುಕೊಡಿ ಎಂದು ಕೇಳಬೇಕು, ಕೇಳಿದರೆ ತೆಗೆದುಕೊಡುತ್ತಾರೆ. ಶಂಕರ್ ಅವರ ಆಟೋದಲ್ಲಂತೂ ಬೆಲ್ಟೇ ಇಲ್ಲ. ಅಲ್ಲಿ ಮಗು ದೊಡ್ಡವರ ನಡುವೆ ಕೂರಲಿ, ಚಾಲಕರ ಸೀಟಿನ ಅಂಚಿನಲ್ಲಂತೂ ಬೇಡ.

ಅಪಘಾತದ ಗಾಯಗಳಿಂದ ದೀರ್ಘ ಚಿಕಿತ್ಸೆಯ ನಂತರ ಎದ್ದು ಬಂದ ಅರುಂಧತಿ ನಾಗ್, ಸಂಕೇತ್ ಟ್ರಸ್ಟ್ ಮೂಲಕ ವರ್ಷಗಟ್ಟಲೆ ಹಣ ಕೂಡಿಸಿ ಶಂಕರ್ ನೆನಪಿನ ರಂಗಮಂದಿರ ಕಟ್ಟಿಸಿದರು. ಜೆ.ಪಿ. ನಗರದ ‘ರಂಗ ಶಂಕರ’ 2004ರಲ್ಲಿ ತೆರೆಯಿತು. ಮಕ್ಕಳಿಗೆಂದೇ ಅಲ್ಲಿ ನಾಟಕಗಳು ನಡೆಯುತ್ತವೆ. ಸಮಯದ ವಿಷಯದಲ್ಲಿ ಅಲ್ಲಿನವರು ಬಹಳ ಕಟ್ಟುನಿಟ್ಟು, ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ವಿಲ್ಸನ್ ಗಾರ್ಡನ್ ಕಡೆಯಿಂದ ಮಗುವನ್ನು ಕರೆದುಕೊಂಡು ಕಾರಿನಲ್ಲಿ ಹೊರಡುವವರು ಟ್ರಾಫಿಕ್ಕಿಗೆಂದು ಇಟ್ಟುಕೊಂಡ ಹೊತ್ತಿನ ಜೊತೆ, ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿಯಲು ಎರಡು ನಿಮಿಷ ಸೇರಿಸಿಕೊಳ್ಳಿ.