ಸಾರ್ಜೆಂಟನ ಕಣ್ಣು ತೆರೆಸಿದ ಬೇಡನ್ ಪೊವೆಲ್

ಕೊರಳಿಗೆ ಸ್ಕಾರ್ಫ್ ಬಿಗಿದು ಎಡಗೈ ಕುಲುಕುವ ಶಾಲಾಮಕ್ಕಳನ್ನು ಕಂಡವರಿಗೆಲ್ಲ ರಾಬರ್ಟ್ ಬೇಡನ್ ಪೊವೆಲ್ ಹೆಸರು ಪರಿಚಿತ. ಆದರೆ ಸ್ಕೌಟ್ ಚಳವಳಿಯ ತಾಯಿಬೇರು ಇರುವುದು ಮಕ್ಕಳ ಆಟದಲ್ಲಲ್ಲ. ಶತ್ರುವಿನ ಜಾಡು ಹಿಡಿಯಬೇಕಾಗಿದ್ದ ಸಾರ್ಜೆಂಟ್, ಕಾರ್ಪೊರಲ್ ಹಾಗೂ ಸಾಮಾನ್ಯ ಸಿಪಾಯಿಗಳಿಗಾಗಿ ಅವರು ಬರೆದ ಪುಟ್ಟ ಕೈಪಿಡಿಯಲ್ಲಿ ಅದು ಇದೆಯೆಂಬುದು ಹೆಚ್ಚಿನವರಿಗೆ ತಿಳಿದಿರಲಾರದು.

1857ರ ಫೆಬ್ರುವರಿ 22ರಂದು ಲಂಡನ್‌ನಲ್ಲಿ ಜನನ. ತಂದೆ ಪಾದ್ರಿ, ಆಕ್ಸ್‌ಫರ್ಡ್‌ನಲ್ಲಿ ರೇಖಾಗಣಿತದ ಪ್ರಾಧ್ಯಾಪಕ. ಮಗನಿಗೆ ಮೂರು ವರ್ಷವಾಗಿದ್ದಾಗಲೇ ಅವರು ತೀರಿಕೊಂಡರು. ಚಾರ್ಟರ್‌ಹೌಸ್ ಶಾಲೆಯ ಪಕ್ಕದ ಕುರುಚಲು ಕಾಡಿನಲ್ಲಿ ಉಪಾಧ್ಯಾಯರ ಕಣ್ಣು ತಪ್ಪಿಸಿ ಮೊಲ ಹಿಡಿದು, ಹೊಗೆಯೇಳದಂತೆ ಬೆಂಕಿ ಮಾಡಿ ಬೇಯಿಸುತ್ತಿದ್ದ ಹುಡುಗನಿಗೆ ಮುಂದಿನ ವಿದ್ಯೆಯ ಮೊದಲ ಪಾಠ ಅಲ್ಲೇ ಆಯಿತೆನ್ನಬೇಕು. 1876ರಲ್ಲಿ ಸೇನಾ ಪರೀಕ್ಷೆ ಗೆದ್ದು, ಹತ್ತೊಂಬತ್ತರ ಹರೆಯದಲ್ಲಿ 13ನೇ ಹುಸಾರ್ ಅಶ್ವದಳದ ಅಧಿಕಾರಿಯಾಗಿ ಲಖನೌಗೆ ಬಂದಿಳಿದರು.

ಸೇನಾಧಿಪತಿಯ ಮೇಜಿನ ಮೇಲಿನ ನಕ್ಷೆ ಎಷ್ಟೇ ಸುಂದರವಾಗಿರಲಿ, ಅದರಲ್ಲಿ ಶತ್ರು ಎಲ್ಲಿದ್ದಾನೆಂಬ ಗುರುತು ಬೀಳುವುದು ಗಸ್ತು ತಿರುಗಿ ಬಂದವರ ಮಾತಿನಿಂದ. ಗಸ್ತಿನ ಮುಂದಾಳು ಸಾಮಾನ್ಯವಾಗಿ ಒಬ್ಬ ಸಾರ್ಜೆಂಟ್ ಅಥವಾ ಕಾರ್ಪೊರಲ್. ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಅವನಿಗೆ ಯಾರೂ ಕಲಿಸಿರಲಿಲ್ಲ. ಆಜ್ಞೆಗೆ ಕಾಯುವುದಷ್ಟೇ ಅವನ ಧರ್ಮವಾಗಿತ್ತು. ಈ ಕೊರತೆಯನ್ನು ಮನಗಂಡ ಬೇಡನ್ ಪೊವೆಲ್ ಸಿಪಾಯಿಗಳಿಗೆ ಉಪನ್ಯಾಸ ಕೊಡತೊಡಗಿದರು. 1884ರಲ್ಲಿ ಅವರ ಮೊದಲ ಪುಸ್ತಕ ಹೊರಬಂತು. ಮುಂದೆ ಮಾಲ್ಟಾದಲ್ಲಿದ್ದಾಗ ಚಿಟ್ಟೆ ಸಂಗ್ರಾಹಕನ ವೇಷದಲ್ಲಿ ತಿರುಗಿ, ಕೋಟೆಗಳ ನಕ್ಷೆಯನ್ನು ಚಿಟ್ಟೆಯ ರೆಕ್ಕೆಯ ಚಿತ್ರದೊಳಗೆ ಅಡಗಿಸುತ್ತಿದ್ದುದಾಗಿ ಅವರೇ 1915ರಲ್ಲಿ ಹೇಳಿಕೊಂಡರು. ಕಥೆಗೆ ಕೊಂಚ ಬಣ್ಣ ಹಚ್ಚುವ ಅಭ್ಯಾಸ ಅವರಿಗಿತ್ತೆಂಬುದನ್ನೂ ಮರೆಯುವಂತಿಲ್ಲ.

ಅವರ ವಿಧಾನ ತಿಳಿಯಲು ಒಂದು ಎಲೆಯ ಪ್ರಸಂಗ ಸಾಕು. 1896ರಲ್ಲಿ, ಇಂದಿನ ಜಿಂಬಾಬ್ವೆಯ ಮಟೋಪೊ ಬೆಟ್ಟಗಳಲ್ಲಿ ಮಟಬೆಲೆ ಹೋರಾಟಗಾರರ ಸುಳಿವು ಹುಡುಕುತ್ತ ಆಫ್ರಿಕನ್ ಒಡನಾಡಿ ಯಾನ್ ಗ್ರೂಟ್‌ಬೂಮ್ ಜತೆ ಹೊರಟಿದ್ದರು. ತುಳಿದ ಹುಲ್ಲು, ಮರಳಿನಲ್ಲಿ ಹೆಂಗಸರ ಮತ್ತು ಹುಡುಗರ ಹೆಜ್ಜೆ. ದಾರಿಯಿಂದಾಚೆ ಬಿದ್ದಿದ್ದ ಒಂದೇ ಎಲೆ. ಆ ಜಾತಿಯ ಮರ ಸುತ್ತಮುತ್ತ ಎಲ್ಲೂ ಇಲ್ಲ, ದೂರದ ಹಳ್ಳಿಯಲ್ಲಿದೆ. ಮೂಸಿದರೆ ನಾಡ ಮದ್ಯದ ವಾಸನೆ. ಮದ್ಯದ ಗಡಿಗೆಯ ಬಾಯಿಗೆ ಎಲೆ ತುರುಕುವ ವಾಡಿಕೆ ಅಲ್ಲಿನದು. ಗಾಳಿ ಬೀಸಿದ್ದು ನಸುಕಿನಲ್ಲಿ ಮಾತ್ರ. ಅಂದರೆ ಆ ಹೊತ್ತಿಗೆ ಹೆಂಗಸರು ಬೆಟ್ಟದಲ್ಲಡಗಿದ ಗಂಡಸರಿಗೆ ಮದ್ಯ ಒಯ್ದಿದ್ದಾರೆ. ಅದು ಹುಳಿಯಾಗುವ ಮುನ್ನ ಅವರು ಕುಡಿದು ಮಂಪರಿನಲ್ಲಿರುತ್ತಾರೆ. ಈಗ ಹತ್ತಿರ ಹೋಗಿ ನೋಡಿಬರಬಹುದು. ಕುರುಹು, ಸ್ಥಳಜ್ಞಾನ, ಎದುರಾಳಿಯ ಬದುಕಿನ ರೀತಿ ಮೂರೂ ಕೂಡಿದಾಗಲೇ ಸುದ್ದಿ ಹುಟ್ಟುತ್ತದೆ. ಆ ಬದುಕನ್ನು ಬಲ್ಲವನು ಗ್ರೂಟ್‌ಬೂಮ್ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು.

ಅದೇ ವರ್ಷ ಸೆರೆಸಿಕ್ಕ ಮಟಬೆಲೆ ಮುಖಂಡ ಉವಿನಿಯನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ಗುಂಡಿಕ್ಕಿಸಿದ ಕಳಂಕವೂ ಅವರ ಮೇಲಿದೆ. ವಿಚಾರಣೆ ಅವರನ್ನು ದೋಷಮುಕ್ತಗೊಳಿಸಿತು. ಪ್ರಶ್ನೆ ಮಾತ್ರ ಅಳಿಯಲಿಲ್ಲ.

1897ರಲ್ಲಿ 5ನೇ ಡ್ರಗೂನ್ ಗಾರ್ಡ್ಸ್ ದಳದ ನಾಯಕತ್ವ ವಹಿಸಿ ಮೀರತ್‌ಗೆ ಬಂದರು. ದಳವನ್ನು ಸಣ್ಣ ಸಣ್ಣ ತಂಡಗಳಾಗಿ ಒಡೆದು, ಕೆಳದರ್ಜೆಯ ಮುಂದಾಳುಗಳ ಕೈಗೊಪ್ಪಿಸಿ, ಕಾಡು ಬಯಲುಗಳಿಗೆ ಅಟ್ಟಿದರು. ತೇರ್ಗಡೆಯಾದವರಿಗೆ ದಿಕ್ಸೂಚಿಯ ಉತ್ತರಮುಖದ ಗುರುತುಳ್ಳ ಬಿಲ್ಲೆ. ಈ ಪಾಠಗಳೇ 1899ರಲ್ಲಿ 'ಏಡ್ಸ್ ಟು ಸ್ಕೌಟಿಂಗ್' ಆದವು.

ಪುಸ್ತಕ ಅಂಗಡಿ ಸೇರುವ ಹೊತ್ತಿಗೆ ಲೇಖಕರು ದಕ್ಷಿಣ ಆಫ್ರಿಕಾದ ಮ್ಯಾಫೆಕಿಂಗ್‌ನಲ್ಲಿ ಬೋಯರ್ ಸೇನೆಯ ಮುತ್ತಿಗೆಗೆ ಸಿಕ್ಕಿದ್ದರು. 1899ರ ಅಕ್ಟೋಬರ್ 13ರಿಂದ 1900ರ ಮೇ 17ರವರೆಗೆ, 217 ದಿನ. ದೂರದಿಂದ ದುರ್ಬೀನು ಹಿಡಿದ ಬೋಯರನಿಗೆ ಮುಳ್ಳುತಂತಿ ಕಾಣದು, ಕಂಬ ಮಾತ್ರ ಕಾಣುತ್ತದೆ ಎಂಬುದನ್ನು ಅವರು ಲೆಕ್ಕಹಾಕಿದರು. ಬರೀ ಕಂಬ ನೆಟ್ಟು, ಇಲ್ಲದ ತಂತಿಯನ್ನು ಕಾಲೆತ್ತಿ ದಾಟುವಂತೆ ಸಿಪಾಯಿಗಳಿಗೆ ಅಪ್ಪಣೆಯಾಯಿತು. ಮರಳು ತುಂಬಿದ ಪೆಟ್ಟಿಗೆಗಳನ್ನು ನೆಲಬಾಂಬುಗಳೆಂದು ಸಡಗರದಿಂದ ಹೂಳಲಾಯಿತು. ಸುದ್ದಿ ಹೊತ್ತು ಶತ್ರುಪಾಳೆಯ ದಾಟುತ್ತಿದ್ದವರಾದರೋ ಹೆಚ್ಚಾಗಿ ಆಫ್ರಿಕನ್ ಓಟಗಾರರೇ. ಪಡಿತರ ಕಡಿತದ ಭಾರ ಅತಿ ಹೆಚ್ಚು ಬಿದ್ದುದೂ ಅವರ ಜನರ ಮೇಲೆ; ಹಲವರು ಹಸಿವಿನಿಂದ ಸತ್ತರು. ನ್ಯಾಯಾಲಯದ ದುಭಾಷಿಯಾಗಿ ಅಲ್ಲಿದ್ದ ಸೋಲ್ ಪ್ಲಾಟ್ಯೆಯ ದಿನಚರಿ 1973ರಲ್ಲಿ ಅಚ್ಚಾದ ಬಳಿಕ ಊರಿನ ಆ ಮಗ್ಗುಲು ಹೊರಜಗತ್ತಿಗೆ ಕಂಡಿತು. 1979ರಲ್ಲಿ ಇತಿಹಾಸಕಾರ ಥಾಮಸ್ ಪಾಕೆನ್‌ಹ್ಯಾಮ್ ಮಾಡಿದ ಆರೋಪದ ಸುತ್ತ ವಾದ ನಡೆದಿದೆ.

ವೀರನಾಗಿ ಇಂಗ್ಲೆಂಡಿಗೆ ಮರಳಿದಾಗ ಅವರಿಗೊಂದು ಅಚ್ಚರಿ ಕಾದಿತ್ತು: ಸಾರ್ಜೆಂಟರಿಗೆಂದು ಬರೆದ ಕೈಪಿಡಿಯನ್ನು ಹುಡುಗರೂ ಶಿಕ್ಷಕರೂ ಓದುತ್ತಿದ್ದರು. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಪ್ರಯೋಗ ಶಿಬಿರ, 1908ರಲ್ಲಿ 'ಸ್ಕೌಟಿಂಗ್ ಫಾರ್ ಬಾಯ್ಸ್'. ಕಾರ್ಪೊರಲನ ಗಸ್ತುತಂಡವೇ ಹುಡುಗರ ಪೆಟ್ರೋಲ್ ಆಯಿತು. ಮರುವರ್ಷ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ತಂಡ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ.

1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ಅವರು ನಿಧನರಾದರು. ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕೆ ಕೆತ್ತಲಾಗಿದೆ. ಜಾಡು ಹಿಡಿದು ಬರುವವರಿಗೆ ಮುಂದೆ ಹೋದವನು ಮನೆಗೆ ಮರಳಿದ್ದಾನೆಂದು ತಿಳಿಸುವ ಸ್ಕೌಟ್ ಗುರುತು ಅದು.