ಬಣ್ಣ ಹೋದ ಗಿಟಾರ್

ಅಕೌಂಟೆನ್ಸಿಯಲ್ಲಿ ನಮಗೆ ಸವಕಳಿ ಎಂಬ ಪಾಠವಿದೆ. ನೂರು ರೂಪಾಯಿಗೆ ಒಂದು ವಸ್ತು ಕೊಂಡು ವರ್ಷಕ್ಕೆ ಶೇಕಡಾ 10ರಂತೆ ನೇರ ಸವಕಳಿ ಹಾಕಿದರೆ, ಹತ್ತು ವರ್ಷದ ಕೊನೆಗೆ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. 1963ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಸುಮಾರು ನೂರು ಪೌಂಡಿಗೆ ಒಂದು ಗಿಟಾರ್ ಕೊಂಡ. ನಮ್ಮ ಪಾಠದ ಪ್ರಕಾರ 1973ಕ್ಕೆ ಅದು ಸೊನ್ನೆ ಆಗಬೇಕಿತ್ತು. ಅಷ್ಟು ಹೊತ್ತಿಗೆ ಅದರ ಬಣ್ಣವೂ ಬಹುಪಾಲು ಹೋಗಿ ಒಳಗಿನ ಮರ ಕಾಣುತ್ತಿತ್ತು. ಅದೇ ಗಿಟಾರ್ 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 8,89,400 ಪೌಂಡಿಗೆ ಮಾರಾಟವಾಯಿತು.

ಆ ಹುಡುಗನ ಹೆಸರು ರೋರಿ ಗ್ಯಾಲಹರ್. ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಇನ್ನೊಂದು ಜಿ ಇದೆ, ಆದರೆ ಅವರ ಊರಿನವರು ಅದನ್ನು ಉಚ್ಚರಿಸುವುದಿಲ್ಲ. ನಮ್ಮ ಕಾಲೇಜಿನಲ್ಲಿ ಈ ಹೆಸರು ಕೇಳಿದವರು ಕಡಿಮೆ ಇರಬಹುದು. ನನಗೂ ಗೊತ್ತಾದದ್ದು ನನ್ನ ಮಾಮುವಿನಿಂದ. ಮಾಮು ಎಂದರೆ ಅಮ್ಮಿಯ ತಮ್ಮ. ಅವರದು ಮೈಕ್ ಸೆಟ್ ಮತ್ತು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಹಿಂದೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ರೋರಿಯವರ ಒಂದು ಕ್ಯಾಸೆಟ್ ಸಿಕ್ಕಿತ್ತು. ರಿಪೇರಿ ಆದ ಪ್ರತಿ ಆಂಪ್ಲಿಫೈಯರನ್ನೂ ಅವರು ಅದೇ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡುತ್ತಾರೆ. ಅಜಾನ್ ಕೇಳಿದ ಕೂಡಲೇ ನಿಲ್ಲಿಸುತ್ತಾರೆ, ನಮಾಜ್ ಮುಗಿಸಿ ಬಂದು ನಿಂತಲ್ಲಿಂದಲೇ ಶುರು ಮಾಡುತ್ತಾರೆ. ನಾನು ಸಂಜೆ ಹೊತ್ತು ಅವರ ಲೆಕ್ಕ ಬರೆದುಕೊಡಲು ಹೋಗುತ್ತೇನೆ. ಹೀಗೆ ಬಿಲ್ಲು ಬರೆಯುತ್ತಾ ಬರೆಯುತ್ತಾ ನಾನೂ ಅಭಿಮಾನಿಯಾದೆ.

ರೋರಿ ಹುಟ್ಟಿದ್ದು 1948ರ ಮಾರ್ಚ್ 2ರಂದು, ಐರ್ಲೆಂಡಿನ ವಾಯವ್ಯ ಭಾಗದ ಡಾನೆಗಲ್ ಜಿಲ್ಲೆಯ ಬ್ಯಾಲಿಶ್ಯಾನನ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿಯ ಜಲವಿದ್ಯುತ್ ಯೋಜನೆಯಲ್ಲಿ ಕೆಲಸಕ್ಕಿದ್ದರು, ಅಕಾರ್ಡಿಯನ್ ನುಡಿಸುತ್ತಿದ್ದರು. ತಾಯಿ ಮೋನಿಕಾ ಹಾಡುತ್ತಿದ್ದರು. ಮುಂದೆ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ದಕ್ಷಿಣದ ಕಾರ್ಕ್ ನಗರದ ತವರಿಗೆ ಬಂದರು. ತಮ್ಮ ಡೋನಲ್ ರೋರಿಗಿಂತ ಒಂದು ವರ್ಷ ಚಿಕ್ಕವರು. ಕೊನೆಯವರೆಗೂ ಅಣ್ಣನ ಮ್ಯಾನೇಜರ್ ಆಗಿದ್ದವರು ಅವರೇ.

ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ರಾತ್ರಿ ಹೊತ್ತು ರೇಡಿಯೋ ಲಕ್ಸೆಂಬರ್ಗ್ ಮತ್ತು ಅಮೆರಿಕದ ಸೈನಿಕರಿಗಾಗಿ ನಡೆಯುತ್ತಿದ್ದ ಕೇಂದ್ರವನ್ನು ಹಿಡಿದು ಈ ಹುಡುಗ ಹಾಡು ಕೇಳುತ್ತಿದ್ದ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಅವನನ್ನು ಮುಟ್ಟಿದ್ದು ಹೀಗೆ. ಹೇಳಿಕೊಡುವ ಗುರು ಇರಲಿಲ್ಲ. ರೇಡಿಯೋದಲ್ಲಿ ಒಂದು ಸಲ ಬಂದುಹೋದ ಹಾಡನ್ನು ಮತ್ತೆ ಕೇಳುವ ಉಪಾಯವೂ ಇರಲಿಲ್ಲ. ಕಿವಿಯಲ್ಲಿ ಉಳಿದಷ್ಟನ್ನು ಬೆರಳಿಗೆ ತರಬೇಕಿತ್ತು. ನಮ್ಮ ಮನೆಯ ಮಾತಿನಲ್ಲಿ ಇದಕ್ಕೆ ರಿಯಾಜ್ ಎನ್ನುತ್ತೇವೆ. ಹನ್ನೆರಡನೇ ವಯಸ್ಸಿಗೆ ಒಂದು ಪ್ರತಿಭಾ ಸ್ಪರ್ಧೆಯಲ್ಲಿ ಗೆದ್ದು, ಆ ಹಣದಲ್ಲಿ ಮೊದಲ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಂಡ.

ನಾನು ಮೊದಲು ಹೇಳಿದ ಗಿಟಾರ್ 1961ರ ಫೆಂಡರ್ ಸ್ಟ್ರಾಟೊಕಾಸ್ಟರ್. ಒಬ್ಬ ವಾದಕರು ಕೆಂಪು ಬಣ್ಣದ್ದು ಬೇಕೆಂದು ಕೇಳಿದ್ದರಂತೆ, ಬಂದದ್ದು ಹಳದಿ ಕಂದು ಬಣ್ಣದ್ದು. ಕೆಂಪು ಬಂದ ಮೇಲೆ ಅವರು ಇದನ್ನು ಬಿಟ್ಟುಕೊಟ್ಟರು. ಅದು ಕಾರ್ಕ್‌ನ ಕ್ರೌಲಿ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಮಾಲಾಗಿ ಬಂತು. ನೂರು ಪೌಂಡ್ ಆ ಮನೆಗೆ ಬಹಳ ದೊಡ್ಡ ಹಣ. ಸಾಲ ಮಾಡಿ ಕಂತಿನಲ್ಲಿ ಕಟ್ಟಬೇಕಿತ್ತು. ರೋರಿ ತಾಯಿಗೆ ಲೆಕ್ಕ ಹೇಳಿ ಒಪ್ಪಿಸಿದರು. ಈ ಒಂದು ಗಿಟಾರಿನಲ್ಲಿ ಎರಡು ಗಿಟಾರಿನ ಕೆಲಸ ಆಗುತ್ತದೆ, ಇನ್ನೊಬ್ಬ ವಾದಕನಿಗೆ ಕೊಡುವ ಹಣ ಉಳಿಯುತ್ತದೆ ಎಂಬುದು ಆ ಲೆಕ್ಕ. ಕಾಮರ್ಸ್ ವಿದ್ಯಾರ್ಥಿಯಾಗಿ ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆ ಲೆಕ್ಕ ಸುಳ್ಳಾಗಲೂ ಇಲ್ಲ. ಮುಂದೆ ಅವರ ಬ್ಯಾಂಡಿನಲ್ಲಿ ಎರಡನೇ ಗಿಟಾರ್ ವಾದಕ ಬರಲೇ ಇಲ್ಲ.

ಆಮೇಲೆ ಡಬ್ಲಿನ್‌ನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಕಳ್ಳರು ಮಳೆಯಲ್ಲಿ ಎಸೆದುಹೋಗಿದ್ದರು. ಕೆಲವು ದಿನಗಳ ನಂತರ ಸಿಕ್ಕಾಗ ನೀರು ಕುಡಿದು, ಗೀರು ಬಿದ್ದು ಹಾಳಾಗಿತ್ತು. ಇನ್ನು ಇದನ್ನು ಎಂದೂ ಮಾರುವುದಿಲ್ಲ ಎಂದು ರೋರಿ ಅಂದೇ ನಿರ್ಧರಿಸಿದರು. ನುಡಿಸುವಾಗ ಅವರು ವಿಪರೀತ ಬೆವರುತ್ತಿದ್ದರು. ಆ ಬೆವರು ವರ್ಷದಿಂದ ವರ್ಷಕ್ಕೆ ಬಣ್ಣವನ್ನು ತಿಂದುಹಾಕಿತು. ಕೈಯಲ್ಲಿ ದುಡ್ಡು ಬಂದ ಮೇಲೂ ಅದಕ್ಕೆ ಹೊಸ ಬಣ್ಣ ಹೊಡೆಸಲಿಲ್ಲ.

1966ರಲ್ಲಿ ಅವರು ಟೇಸ್ಟ್ ಎಂಬ ಬ್ಯಾಂಡ್ ಕಟ್ಟಿದರು. 1970ರ ಐಲ್ ಆಫ್ ವೈಟ್ ಉತ್ಸವದಲ್ಲಿ ಅವರನ್ನು ಲಕ್ಷಾಂತರ ಜನ ಕೇಳಿದರು. ಅದೇ ವರ್ಷ ಬ್ಯಾಂಡ್ ಒಡೆಯಿತು. 1971ರಿಂದ ಸ್ವಂತ ಹೆಸರಿನಲ್ಲಿ ನಡೆದರು. ಆಗ ಬ್ರಿಟನ್ನಿನ ಮೆಲೊಡಿ ಮೇಕರ್ ಪತ್ರಿಕೆಯ ಓದುಗರು ಎರಿಕ್ ಕ್ಲಾಪ್ಟನ್‌ರನ್ನು ಹಿಂದೆ ಹಾಕಿ ಇವರನ್ನು ಶ್ರೇಷ್ಠ ಗಿಟಾರ್ ವಾದಕನೆಂದು ಆರಿಸಿದರು. ಚಿಕಾಗೋದ ಹಿರಿಯ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಲಂಡನ್ನಿಗೆ ಬಂದು ರೆಕಾರ್ಡ್ ಮಾಡಿದಾಗ, ರೇಡಿಯೋದಲ್ಲಿ ಅವರನ್ನು ಕೇಳಿ ಬೆಳೆದ ರೋರಿ ಪಕ್ಕದಲ್ಲಿ ಕುಳಿತು ನುಡಿಸಿದರು.

ಇಷ್ಟೆಲ್ಲ ಆದ ಮೇಲೂ ಹೆಂಡ್ರಿಕ್ಸ್, ಕ್ಲಾಪ್ಟನ್ ಎಂದಾಗ ಜನ ರೋರಿಯ ಹೆಸರನ್ನು ಏಕೆ ಸೇರಿಸುವುದಿಲ್ಲ? ನನಗೆ ಕಾಣುವ ಕಾರಣ ವ್ಯಾಪಾರದ್ದು. ಆ ಕಾಲದಲ್ಲಿ ರೇಡಿಯೋದಲ್ಲಿ ಹೆಸರು ಬರಬೇಕಾದರೆ ಮೂರು ನಿಮಿಷದ ಒಂದೊಂದೇ ಹಾಡಿನ ಸಿಂಗಲ್ ತಟ್ಟೆ ಬಿಡಬೇಕಿತ್ತು. ಹಾಡನ್ನು ಕತ್ತರಿಸಿ ಮಾರಲು ಅವರು ಒಪ್ಪಲಿಲ್ಲ. ಮಿಂಚುವ ಬಟ್ಟೆಯ ಕಾಲದಲ್ಲಿ ಚೌಕಳಿ ಅಂಗಿ, ಜೀನ್ಸ್ ಹಾಕಿಕೊಂಡೇ ವೇದಿಕೆ ಹತ್ತಿದರು. 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿಗೆ ಒಬ್ಬ ಗಿಟಾರ್ ವಾದಕ ಬೇಕಾಗಿತ್ತು. ರೋರಿಯನ್ನು ಹಾಲೆಂಡಿನ ರಾಟರ್‌ಡ್ಯಾಮ್‌ಗೆ ಕರೆಸಿದರು. ಕೆಲವು ರಾತ್ರಿ ಅವರ ಜೊತೆ ನುಡಿಸಿದರು. ಆದರೆ ಜಪಾನಿನಲ್ಲಿ ಇವರ ಸ್ವಂತ ಕಾರ್ಯಕ್ರಮಗಳು ಮೊದಲೇ ನಿಗದಿಯಾಗಿದ್ದವು. ಅವರು ಜಪಾನಿಗೆ ಹೊರಟುಬಿಟ್ಟರು. ಆ ಜಾಗ ಕೊನೆಗೆ ರಾನ್ ವುಡ್ ಅವರಿಗೆ ಹೋಯಿತು. ಇದು ದೊಡ್ಡ ನಷ್ಟ ಎಂದು ನಾನು ಮಾಮುವಿನ ಹತ್ತಿರ ವಾದ ಮಾಡಿದ್ದೆ. ಕೊಟ್ಟ ಮಾತನ್ನು ನಷ್ಟದ ಕಾಲಮ್ಮಿನಲ್ಲಿ ಬರೆಯಬೇಡ ಎಂಬುದು ಅವರ ಅಭಿಪ್ರಾಯ.

ನನಗೆ ತುಂಬ ಹಿಡಿಸಿದ ವಿಷಯ ಬೆಲ್‌ಫಾಸ್ಟ್ ನಗರದ್ದು. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರ ನಡುವೆ ರಕ್ತ ಹರಿಯುತ್ತಿತ್ತು. ಬೀದಿಯಲ್ಲಿ ಬಾಂಬು, ಗೋಡೆ ಕಟ್ಟಿ ಬೇರೆ ಮಾಡಿದ ಮೊಹಲ್ಲಾಗಳು. ಬಹಳಷ್ಟು ಬ್ಯಾಂಡುಗಳು ಆ ಕಡೆ ಹೋಗುವುದನ್ನೇ ನಿಲ್ಲಿಸಿದವು. ರೋರಿ ಮಾತ್ರ ಅಲ್ಲಿಯ ಅಲ್‌ಸ್ಟರ್ ಹಾಲ್‌ಗೆ ಮತ್ತೆ ಮತ್ತೆ ಬಂದರು. ಎರಡೂ ಕಡೆಯ ಹುಡುಗರು ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕ ನಿಂತು ಕೇಳಿದರು. ಅವರು ವೇದಿಕೆಯಿಂದ ಭಾಷಣ ಮಾಡಿದವರಲ್ಲ. ಬರುತ್ತೇನೆ ಎಂದ ದಿನ ಬಂದು ಎರಡು ಮೂರು ಗಂಟೆ ನುಡಿಸುತ್ತಿದ್ದರು, ಅಷ್ಟೇ. ಪಕ್ಕದಲ್ಲಿ ನಿಂತವನ ಹೆಸರು ಕೇಳಿ ಮೊಹಲ್ಲಾ ಲೆಕ್ಕ ಹಾಕುವ ಊರಿನಲ್ಲಿ ಆ ಎರಡು ಮೂರು ಗಂಟೆ ಎಷ್ಟು ದೊಡ್ಡದು ಎಂದು ನನಗೆ ಅರ್ಥವಾಗುತ್ತದೆ. ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್‌ಗಳ ಆ ಕಾರ್ಯಕ್ರಮಗಳಿಂದಲೇ ಐರಿಷ್ ಟೂರ್ '74 ಎಂಬ ಆಲ್ಬಮ್ ಬಂತು. ಮಾಮುವಿನ ಅಂಗಡಿಯ ಕ್ಯಾಸೆಟ್ ಅದೇ. ಆ ಪ್ರವಾಸ ನಡೆದದ್ದು 1973ರ ಕೊನೆಗೆ ಮತ್ತು 1974ರ ಆರಂಭದಲ್ಲಿ. ಸವಕಳಿಯ ಲೆಕ್ಕದಲ್ಲಿ ಗಿಟಾರಿನ ಬೆಲೆ ಸೊನ್ನೆಗೆ ಇಳಿದ ಕೆಲವೇ ತಿಂಗಳಿಗೆ!

ಅಭಿಮಾನಿಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಜಿಮಿ ಹೆಂಡ್ರಿಕ್ಸ್ ತನಗಿಂತ ರೋರಿ ದೊಡ್ಡವನು ಎಂದು ಒಪ್ಪಿಕೊಂಡಿದ್ದನಂತೆ ಎಂಬ ಕಥೆಯನ್ನು ಬಹಳ ಜನ ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ. ಪ್ರೀತಿ ಹೆಚ್ಚಾದಾಗ ನಾವು ಇಂಥ ಕಥೆ ಕಟ್ಟುತ್ತೇವೆ. ನಿಜವಾದ ಕಥೆ ಇರುವಾಗ ಅದು ಬೇಕಾಗಿಯೂ ಇಲ್ಲ. ಮುಂದೆ ಕ್ವೀನ್ ಬ್ಯಾಂಡಿನಿಂದ ಪ್ರಸಿದ್ಧರಾದ ಬ್ರಯಾನ್ ಮೇ ಆಗ ಕಾಲೇಜು ವಿದ್ಯಾರ್ಥಿ. ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಟೇಸ್ಟ್ ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಹೋಗದೆ ಉಳಿದುಕೊಂಡು, ಆ ಧ್ವನಿ ಹೇಗೆ ಬರುತ್ತದೆ ಎಂದು ರೋರಿಯನ್ನು ಕೇಳಿದರು. ರೋರಿ ಮುಚ್ಚುಮರೆ ಮಾಡದೆ ತೋರಿಸಿದರು. ಒಂದು ವಾಕ್ಸ್ ಎಸಿ 30 ಆಂಪ್ಲಿಫೈಯರ್, ಅದರ ಮುಂದೆ ಮೇಲುಸ್ವರವನ್ನು ಎತ್ತುವ ಒಂದು ಸಣ್ಣ ಡಬ್ಬಿ. ಮೇ ಅವನ್ನೇ ಕೊಂಡರು. ಇಂದು ಜಗತ್ತಿಗೆಲ್ಲ ಗೊತ್ತಿರುವ ಅವರ ಧ್ವನಿ ಅಲ್ಲಿಂದ ಶುರುವಾಯಿತು. ಅದನ್ನು ಅವರು ಇಂದಿಗೂ ಎಲ್ಲರ ಮುಂದೆ ಹೇಳುತ್ತಾರೆ.

ಇನ್ನೊಂದು ಭಾಗವನ್ನು ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ನಾನು ದಾಟುವುದಿಲ್ಲ. ರೋರಿ ಕುಡಿಯುತ್ತಿದ್ದರು. ವರ್ಷವಿಡೀ ಪ್ರವಾಸ ಮಾಡುವ ಮನುಷ್ಯನಿಗೆ ವಿಮಾನವೆಂದರೆ ಭಯ. ಅದಕ್ಕೆ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನೂ ನುಂಗುತ್ತಿದ್ದರು. ಮದ್ಯ ಮತ್ತು ಮಾತ್ರೆ ಸೇರಿ ಯಕೃತ್ತನ್ನು ಹಾಳುಮಾಡಿದವು. ಮದುವೆಯಾಗಲಿಲ್ಲ, ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿ ಒಂಟಿಯಾಗಿದ್ದರು. 1995ರ ಜನವರಿಯಲ್ಲಿ ಹಾಲೆಂಡಿನ ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಯಕೃತ್ತಿನ ಕಸಿ ಆಯಿತು, ಚೇತರಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಔಷಧಿಗೆ ಬಗ್ಗದ ಸೋಂಕು ತಗುಲಿ, ಜೂನ್ 14ರಂದು ತೀರಿಕೊಂಡರು. ಆಗ ಅವರಿಗೆ 47 ವರ್ಷ. ನಮ್ಮ ದೀನ್ ಕುಡಿತವನ್ನು ಏಕೆ ತಡೆಯುತ್ತದೆ ಎಂದು ನಮಗೆಲ್ಲ ಮನೆಯಲ್ಲಿ ಕಲಿಸಿದ್ದಾರೆ. ಅವರ ಕಲೆಯನ್ನು ಮೆಚ್ಚಿದರೂ ಈ ದಾರಿಯನ್ನು ಮೆಚ್ಚಲಾರೆ. ಹಾಗೆಂದು ಬಯ್ಯಲು ಮನಸ್ಸು ಬರುವುದಿಲ್ಲ, ದುಃಖವೇ ಆಗುತ್ತದೆ. ಸಾವಿರಾರು ಜನರ ಮುಂದೆ ಹೆದರದ ಮನುಷ್ಯ ತನ್ನ ಭಯವನ್ನು ಯಾರ ಹತ್ತಿರವಾದರೂ ಹೇಳಿಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಕಾರ್ಕ್‌ನಲ್ಲಿ ಅಂತ್ಯಕ್ರಿಯೆಗೆ ಸಾವಿರಾರು ಜನ ಬಂದರು. ಅಲ್ಲಿ ಒಂದು ಚೌಕಕ್ಕೆ ಅವರ ಹೆಸರಿದೆ. ಬ್ಯಾಲಿಶ್ಯಾನನ್‌ನಲ್ಲಿ 2010ರಿಂದ ಅವರ ಪ್ರತಿಮೆ ಇದೆ, ಪ್ರತಿ ವರ್ಷ ಅವರ ಹೆಸರಿನ ಸಂಗೀತ ಉತ್ಸವ ನಡೆಯುತ್ತದೆ. 2025ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಹಾಲ್ ಹೊರಗೂ ಪ್ರತಿಮೆ ಎದ್ದಿತು. ಹರಾಜಿನಲ್ಲಿ ಗಿಟಾರ್ ಕೊಂಡವರು ಅದನ್ನು ಮನೆಗೆ ಒಯ್ಯದೆ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಕಳೆದ ಎರಡು ವರ್ಷಗಳ ಲೆಕ್ಕವನ್ನು ನಾನೇ ಕೂಡಿಸಿ ಮಾಮುವಿಗೆ ತೋರಿಸಿದೆ. ಈಗ ಹಾಳಾದ ಮಾಲನ್ನು ರಿಪೇರಿ ಮಾಡಿಸುವವರು ಕಡಿಮೆ, ಹೊಸದೇ ಕೊಳ್ಳುತ್ತಾರೆ. ಬಾಡಿಗೆ ಕಳೆದರೆ ಅಂಗಡಿಯಲ್ಲಿ ಏನೂ ಉಳಿಯುವುದಿಲ್ಲ. ಲೆಕ್ಕ ಸರಿಯಾಗಿತ್ತು, ಮೂರು ಸಲ ಕೂಡಿ ನೋಡಿದ್ದೆ. ಮಾಮು ಕಾಗದ ನೋಡಿ ಮಡಚಿ ಜೇಬಿಗೆ ಹಾಕಿಕೊಂಡರು. ಬರುವ ತಿಂಗಳು ಅಂಗಡಿ ಬಿಟ್ಟುಕೊಟ್ಟು ಒಂದು ಶೋರೂಮಿನಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಅಮ್ಮಿಗೆ ಸಮಾಧಾನ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂಗಡಿಯ ಸಾಮಾನಿನ ಪಟ್ಟಿ ಮಾಡುವಾಗ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಎದುರು ನಾನು ಸೊನ್ನೆ ಎಂದು ಬರೆದಿದ್ದೆ. ಮಾಮು ಕೆಲಸ ಕಲಿತದ್ದು ಅದರ ಮೇಲೆ. ಪಿಡಿ ಸವೆದುಹೋಗಿದೆ, ಮೇಲಿನ ಬಣ್ಣ ಎಂದೋ ಹೋಗಿದೆ. ಗುಜರಿಯವನು ಬಂದು ತೂಕಕ್ಕೆ ಕೇಳಿದಾಗ ಮಾಮು ಏನೂ ಹೇಳದೆ ಅದನ್ನು ಎತ್ತಿ ಒಳಗೆ ಇಟ್ಟರು. ಪೂರ್ತಿ ಸವಕಳಿ ಆದ ಆಸ್ತಿಯೂ ಇನ್ನೂ ಬಳಕೆಯಲ್ಲಿದ್ದರೆ ಪುಸ್ತಕದಿಂದ ಬಿಡದೆ ಒಂದು ರೂಪಾಯಿ ಎಂದು ತೋರಿಸುವ ಪದ್ಧತಿ ಇದೆ ಎಂದು ನಮ್ಮ ಲೆಕ್ಚರರ್ ಒಮ್ಮೆ ಹೇಳಿದ್ದರು. ನಾನು ಸೊನ್ನೆ ಹೊಡೆದುಹಾಕಿ ಒಂದು ರೂಪಾಯಿ ಎಂದು ಬರೆದೆ. ಆ ಆಂಪ್ಲಿಫೈಯರ್ ಈಗ ನಮ್ಮ ಮನೆಯಲ್ಲಿ, ನಾನು ಓದುವ ಮೇಜಿನ ಪಕ್ಕದಲ್ಲಿದೆ. ಭಾನುವಾರ ಮಾಮು ಬಂದು ಅದನ್ನು ಬಿಚ್ಚಿ ನನಗೆ ಸೋಲ್ಡರಿಂಗ್ ಹೇಳಿಕೊಡುತ್ತಾರೆ. ಪರೀಕ್ಷೆಗೆ ಹಾಕುವ ಕ್ಯಾಸೆಟ್ ಯಾವುದೆಂದು ನಿಮಗೆ ಗೊತ್ತೇ ಇದೆ.